ದೀರ್ಘವಿಲ್ಲದ ಹಾಸನ

ಮೊನ್ನೆ ಡಮ್ ಡಮ್ ಸ್ಟೇಷನ್ನಿನ ಹೊರಗೆ ನಿಂತು ಮಣ್ಣಿನ ಕುಡಿಕೆಯಲ್ಲಿ ಚಹಾ ಕುಡಿಯುತ್ತಿದ್ದೆ. ಬಿಸಿ ತಾಗಿದ ಕುಡಿಕೆಯಿಂದ ಹಸಿಮಣ್ಣಿನ ವಾಸನೆ ಎದ್ದಿತು. ಮೇಲಿನ ಮನೆ ಮಾಮ ನೆನಪಾದರು... ಚಹಾ ಅರ್ಧಕ್ಕೇ ಬಿಟ್ಟೆ.

ಮಾಮ ಹಾಸನದವರು. ರೈಲ್ವೆ ಗುಮಾಸ್ತರಾಗಿ ಕಲ್ಕತ್ತೆಗೆ ಬಂದು ಇಲ್ಲೇ ನಿವೃತ್ತರಾಗಿದ್ದರು. ಎರಡು ಕೋಣೆಯ ಮನೆ. ಇಲ್ಲಿ ಎಲ್ಲರೂ ಮಂಚದ ಕಾಲಿಗೆ ಇಟ್ಟಿಗೆ ಕೊಟ್ಟು ಎತ್ತರಿಸಿ, ಅಡಿಯಲ್ಲಿ ಟ್ರಂಕು, ಅಕ್ಕಿ ಡಬ್ಬ ತುರುಕುತ್ತಾರೆ. ಮಾಮ ಮಾತ್ರ ಇಡೀ ಹಾಸನ ಸ್ಟೇಷನ್ನನ್ನೇ ಇಟ್ಟುಕೊಂಡಿದ್ದರು. ಹಲಗೆ ಎಳೆದರೆ ಹಳಿ, ಸಿಗ್ನಲ್ಲು, ಓಡುವ ಪುಟ್ಟ ರೈಲು. ಸೋಸಿ ಉಳಿದ ಚಹಾಪುಡಿ ಒಣಗಿಸಿ ನೆಲ ಮಾಡಿದ್ದರು. ಒಡೆದ ಕುಡಿಕೆಯ ಚೂರುಗಳನ್ನು ಉಜ್ಜಿ ಉಜ್ಜಿ ಹೆಂಚು.

ಆಮೇಲಾಮೇಲೆ ಅವರ ಕೈ ನಡುಗತೊಡಗಿತು. ಸ್ಟೇಷನ್ನಿನ ಹಳದಿ ಬೋರ್ಡು ಬರೆಯಲು ನನ್ನನ್ನು ಕರೆದರು.

"ಕನ್ನಡ ಬರೆಯಕ್ಕೆ ಬರುತ್ತೇನಮ್ಮ ನಿಂಗೆ?"

"ಬರುತ್ತೆ ಮಾಮ."

ಬರುತ್ತಿರಲಿಲ್ಲ. ಕಾಲೇಜಿಗೆ ಹೋಗುತ್ತಿದ್ದರೂ, ಅಮ್ಮ ಕನ್ನಡದಲ್ಲಿ ಕೇಳಿದರೆ ನಾನು ಹಿಂದಿಯಲ್ಲಿ ಉತ್ತರಿಸುವವಳು. ಕ್ಯಾಲೆಂಡರಿನಿಂದ ಅಕ್ಷರ ಹೆಕ್ಕಿ ಬರೆದೆ: 'ಹಸನ'. ಆ ಊರಿನ ಹೆಸರನ್ನು ಇಂಗ್ಲಿಷಿನಲ್ಲಷ್ಟೇ ಕಂಡಿದ್ದೆ, ಅದರಲ್ಲಿ ದೀರ್ಘವೆಲ್ಲಿ? ಮಾಮ ಕನ್ನಡಕ ಏರಿಸಿ ನೋಡಿದರು. "ಅಕ್ಷರ ಮುದ್ದಾಗಿದೆ ಕಣಮ್ಮ," ಎಂದು ಬೋರ್ಡು ನೆಟ್ಟರು. ನಾನು ಬೀಗಿದೆ.

ಯುಗಾದಿಗೆ ನಾಲ್ಕೈದು ಕನ್ನಡದ ಮನೆಯವರು ರೈಲು ನೋಡಲು ಬಂದರು. ಒಬ್ಬರು ಬಗ್ಗಿ, "ಇದೇನ್ ಸ್ವಾಮಿ, ನಿಮ್ಮೂರ ಹೆಸರೇ ಮರ್ತೋಯ್ತಾ? ದೀರ್ಘ ಎಲ್ಲಿ?" ಎಂದರು. ಎಲ್ಲರೂ ನಕ್ಕರು.

"ಕೈ ನಡುಗುತ್ತಲ್ಲ, ದೀರ್ಘ ಜಾರಿಹೋಯ್ತು," ಎಂದರು ಮಾಮ, ನನ್ನ ಕಡೆ ನೋಡದೆ.

ನಾನು ಬರೆದದ್ದು ಅನ್ನಬಹುದಿತ್ತು. ಪಕ್ಕದಲ್ಲಿ ಅಪ್ಪ ಅಮ್ಮ ನಿಂತಿದ್ದರು. ಬಗ್ಗಿ ರೈಲು ನೋಡುವವಳಂತೆ ನಟಿಸಿದೆ. ಊರನ್ನೇ ಮಂಚದಡಿ ಇಟ್ಟುಕೊಂಡು ಮಲಗುತ್ತಿದ್ದ ಮನುಷ್ಯ ಊರ ಹೆಸರು ಮರೆತವರಾದರು. ಆಮೇಲೆ ಮಹಡಿ ಹತ್ತುವುದನ್ನೇ ಬಿಟ್ಟೆ. ಮೆಟ್ಟಿಲಲ್ಲಿ ಸಿಕ್ಕರೆ "ಪರೀಕ್ಷೆ ಮಾಮ" ಎನ್ನುತ್ತಿದ್ದೆ. ವರ್ಷವಿಡೀ ಪರೀಕ್ಷೆ!

ಅವರು ತೀರಿಕೊಂಡ ಮೇಲೆ, ಮನೆ ಖಾಲಿ ಮಾಡುವಾಗ, ಅವರ ಹೆಂಡತಿ ಬೋರ್ಡನ್ನು ಕಾಗದದಲ್ಲಿ ಸುತ್ತಿ ತಂದುಕೊಟ್ಟರು. "ನೀನ್ ಬರೆದಿದ್ದು ಕೊನೇವರೆಗೂ ಹಾಗೇ ನಿಂತಿತ್ತು. ನಿಂಗೇ ಕೊಡ್ಬೇಕು ಅಂದಿದ್ರು." ಬಿಚ್ಚದೆ ಟ್ರಂಕಿನ ತಳಕ್ಕೆ ಹಾಕಿದೆ. ಮುಂದೆ ಹಟ ಹಿಡಿದು ಕನ್ನಡ ಕಲಿತೆ... ಆ ಕಾಗದ ಬಿಚ್ಚುವ ಧೈರ್ಯ ಮಾತ್ರ ಬರಲಿಲ್ಲ.

ಮೊನ್ನೆ ಮನೆಗೆ ಬಂದವಳೇ ಬಿಚ್ಚಿದೆ. ಒಂದು ದೀರ್ಘ ಎಳೆದುಬಿಡೋಣವೆಂದು ಮಗಳ ಕುಂಚವನ್ನೂ ತಂದಿಟ್ಟುಕೊಂಡಿದ್ದೆ. ಧೂಳು ಒರೆಸಲು ತಿರುಗಿಸಿದರೆ ಹಿಂಬದಿಯಲ್ಲಿ, ನಡುಗುವ ಕೈಯ ಕಪ್ಪು ಬಣ್ಣದಲ್ಲಿ, 'ಹಾಸನ' ಎಂದಿತ್ತು. ಯಾವಾಗ ಬರೆದಿದ್ದರೋ. ತಿರುಗಿಸಿ ನೆಟ್ಟಿದ್ದರೆ ಸಾಕಿತ್ತು. ಮಾಮ ಕೊನೆಯವರೆಗೂ ತಿರುಗಿಸಲಿಲ್ಲ.

ಕುಂಚವನ್ನು ಮಗಳ ಬಣ್ಣದ ಡಬ್ಬಿಗೆ ವಾಪಸು ಹಾಕಿದೆ. ನಾನೇ ಬರೆದದ್ದು ಎಂದು ಈಗ ಹೇಳಬಲ್ಲೆ, ಕನ್ನಡದಲ್ಲೇ. ಮೇಲಿನ ಮನೆಯಲ್ಲಿ ಬೇರೆ ಯಾರೋ ಇದ್ದಾರೆ.