ಪೆನ್ಸಿಲಿನ ನಲವತ್ತಾರು

ನನ್ನ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು. ಅಂಕಿಗಳನ್ನು ಮಾತ್ರ ಮುತ್ತು ಪೋಣಿಸಿದ ಹಾಗೆ ಬರೆಯುತ್ತಿದ್ದೆ. ಆ ಒಂದು ಗುಣಕ್ಕೆ, ಎರಡನೆಯ ಮಹಾಯುದ್ಧ ನಡೆಯುತ್ತಿದ್ದ ದಿನಗಳಲ್ಲಿ, ಪುಣೆಯ ಹೆಂಗಸರ ಆಸ್ಪತ್ರೆಯೊಂದರಲ್ಲಿ ನನಗೆ ಕಾರಕೂನಿಕೆ ಸಿಕ್ಕಿತು. ಕೆಲಸ ಕೇಳುವುದಕ್ಕೆ ಸುಲಭ. ಪ್ರತಿ ರೋಗಿಯ ಕೇಸ್ ಪೇಪರಿನಲ್ಲಿ ಡಾಕ್ಟರರು ರೋಗದ ಹೆಸರು ಬರೆಯುತ್ತಾರೆ. ನಾನು ಅಚ್ಚಾದ ಪಟ್ಟಿಯಲ್ಲಿ ಅದನ್ನು ಹುಡುಕಿ, ಅದರ ಸಂಖ್ಯೆಯನ್ನು ಪೇಪರಿನ ಬಲಮೂಲೆಯಲ್ಲಿ ಬರೆಯಬೇಕು. ಶುಕ್ರವಾರದವರೆಗೆ ಪೆನ್ಸಿಲಿನಲ್ಲಿ. ಶನಿವಾರ ಬೆಳಿಗ್ಗೆ ದೊಡ್ಡ ಡಾಕ್ಟರಮ್ಮ, ನಮ್ಮೆಲ್ಲರ ಡಾಕ್ಟರ್ ಬಾಯಿ, ಎಲ್ಲವನ್ನೂ ನೋಡಿ ಹೂಂ ಅಂದ ಮೇಲೆ ಅದೇ ಅಂಕಿಯ ಮೇಲೆ ಶಾಯಿ. ಶಾಯಿ ಬಿದ್ದ ಸಂಖ್ಯೆ ರಿಜಿಸ್ಟರಿಗೆ ಹೋಗುತ್ತಿತ್ತು, ವರ್ಷದ ಕೊನೆಗೆ ಸರ್ಕಾರಕ್ಕೆ ಹೋಗುತ್ತಿತ್ತು.

ಸೇರಿದ ಮೊದಲ ವಾರವೇ ಬೈಸಿಕೊಂಡೆ. ಹಳ್ಳಿಯ ಹೆಂಗಸೊಬ್ಬಳ ಪೇಪರಿನಲ್ಲಿ ಯಕೃತ್ತಿನ ಕ್ಯಾನ್ಸರ್ ಎಂದಿತ್ತು. ನಾನು ಭಾರೀ ಜಾಣೆಯ ಹಾಗೆ ಯಕೃತ್ತೂ ಸೇರುವ ಹೊಟ್ಟೆಯ ಕ್ಯಾನ್ಸರುಗಳ ಸಂಖ್ಯೆ ನಲವತ್ತಾರನ್ನು ಹಾಕಿದ್ದೆ. ಡಾಕ್ಟರ್ ಬಾಯಿ ಕನ್ನಡಕದ ಮೇಲಿಂದ ನೋಡಿದರು. ಯಕೃತ್ತಿನಲ್ಲಿ ಕಾಣುವ ಕ್ಯಾನ್ಸರ್ ಬಹಳ ಸಲ ಬೇರೆ ಕಡೆಯಿಂದ ಹರಡಿ ಬಂದದ್ದು, ಮೊದಲು ಎಲ್ಲಿ ಹುಟ್ಟಿತೋ ಆ ಅಂಗದ ಸಂಖ್ಯೆ ಹಾಕಬೇಕು, ಅವಳಿಗೆ ಮೊದಲೇ ಎದೆಯಲ್ಲಿ ಗಂಟಿತ್ತು, ಪೇಪರಿನ ಹಿಂಬದಿ ಓದಿದೆಯಾ ಎಂದು ಕೇಳಿದರು. ಓದಿರಲಿಲ್ಲ. ರಬ್ಬರಿನಿಂದ ಒರೆಸಿ, ಸ್ತನದ ಕ್ಯಾನ್ಸರಿನ ಸಂಖ್ಯೆ ಐವತ್ತನ್ನು ಬರೆದೆ.

ನನ್ನನ್ನು ಸಾಕಿದ್ದು ಅತ್ಯಾ, ಅಂದರೆ ಅಪ್ಪನ ಅಕ್ಕ. ನಾನು ಹುಟ್ಟಿದ ವರ್ಷವೇ ಅವ್ವ ಹೋದಳು. ಹನ್ನೆರಡಕ್ಕೇ ಗಂಡನನ್ನು ಕಳೆದುಕೊಂಡು, ತಲೆ ಬೋಳಿಸಿಕೊಂಡು, ಕೆಂಪು ಸೀರೆ ಉಟ್ಟಿದ್ದ ಅತ್ಯಾ ಧಾರವಾಡದಿಂದ ಬಂದು ನಮ್ಮ ಎರಡು ಕೋಣೆಯ ಮನೆಯ ಒಲೆ ಹಿಡಿದಳು. ಅಪ್ಪ ಸೈಕಲ್ಲಿನ ಮೇಲೆ ಖಡಕಿಯ ಕಾರಖಾನೆಯ ಆಫೀಸಿಗೆ ಹೋಗಿ ಬರುತ್ತಿದ್ದರು. ಮನೆಯಲ್ಲಿ ನಡೆಯುತ್ತಿದ್ದದ್ದು ಅತ್ಯಾನ ರಾಜ್ಯ. ಅವಳ ಮಡಿಯೆಂದರೆ ಮಡಿ. ಬೆಳಿಗ್ಗೆ ಸ್ನಾನ ಮಾಡಿದಳೆಂದರೆ ಊಟ ಮುಗಿಯುವವರೆಗೆ ಯಾರೂ ಮುಟ್ಟುವ ಹಾಗಿಲ್ಲ. ಮುಟ್ಟಿದರೆ ಮತ್ತೆ ಮೈಮೇಲೆ ನೀರು, ಆಮೇಲೆಯೇ ಅನ್ನ. ನಾನು ಆಸ್ಪತ್ರೆ ಸೇರಿದ ಮೇಲಂತೂ ಮೈಲಿಗೆಯ ಮೂಟೆಯಾದೆ. ಸಂಜೆ ಬಂದರೆ ಹಿತ್ತಲಲ್ಲಿ ಮಿಂದೇ ಒಳಗೆ. ಒಂದೇ ಮನೆಯಲ್ಲಿದ್ದೂ ಎರಡು ವರ್ಷ ಅವಳ ಮೈ ಮುಟ್ಟಿರಲಿಲ್ಲ. ನನಗೆ ಸಿಟ್ಟು ಬರುತ್ತಿತ್ತು. ಆದರೆ ಅಪ್ಪ ನನ್ನ ಶಾಲೆ ಬಿಡಿಸಿ ಮದುವೆ ಮಾಡುತ್ತೇನೆಂದಾಗ, ಮ್ಯಾಟ್ರಿಕ್ ಮುಗಿಯುವ ಮೊದಲು ಆ ಮಾತೆತ್ತಿದರೆ ಒಲೆ ಹಚ್ಚುವುದಿಲ್ಲವೆಂದು ಹಟ ಹಿಡಿದವಳೂ ಅವಳೇ.

ಒಂದು ಚಳಿಗಾಲದಲ್ಲಿ ಅವಳ ಕಣ್ಣು ಅರಿಶಿನ ಬಣ್ಣಕ್ಕೆ ತಿರುಗಿತು. ಮೈ ಸೊರಗಿ ಹೊಟ್ಟೆ ಬಿಗಿಯಿತು. ಪಿತ್ತ ಅಂದಳು, ಜೀರಿಗೆ ಕಷಾಯ ಕುಡಿದಳು. ಎಂಟು ದಿನ ಜಗಳಾಡಿ ಅವಳನ್ನು ನಮ್ಮ ಆಸ್ಪತ್ರೆಗೆ ಕರೆತಂದೆ. ಬರುವ ಮೊದಲು ನನ್ನಿಂದ ಮಾತು ತೆಗೆದುಕೊಂಡಳು: ಕುಡಿಯುವ ನೀರು ಮನೆಯಿಂದ ತಾಮ್ರದ ತಂಬಿಗೆಯಲ್ಲಿ ಬರಬೇಕು, ಮೊಸರವಲಕ್ಕಿ ಬಿಟ್ಟು ಬೇರೇನೂ ತಿನ್ನಿಸಬಾರದು, ಅದನ್ನೂ ಮುಟ್ಟದೆ ದೂರದಿಂದ ಇಡಬೇಕು, ಬೆಳಿಗ್ಗೆ ಬಚ್ಚಲಲ್ಲಿ ನೀರು ಸುರಿದುಕೊಳ್ಳಲು ಬಿಡಬೇಕು.

ಡಾಕ್ಟರ್ ಬಾಯಿ ಮರಾಠಿಯಲ್ಲಿ ಕೇಳಿದ್ದಕ್ಕೆಲ್ಲ ಅತ್ಯಾ ಕಿವುಡಿಯ ಹಾಗೆ ಕೂತಳು. ತರಕಾರಿ ಮಾರುವವಳ ಜೊತೆ ತಾಸುಗಟ್ಟಲೆ ಮರಾಠಿಯಲ್ಲಿ ಜಗಳ ಕಾಯುವ ಹೆಂಗಸು! ಕೊನೆಗೆ ನಾನೇ ನಡುವೆ ನಿಂತು ಅತ್ತಿಂದಿತ್ತ ಮಾತು ದಾಟಿಸಿದೆ. ಹೊಟ್ಟೆ ಒತ್ತಿ ನೋಡಿದಾಗ ಬಲಪಕ್ಕೆಯ ಕೆಳಗೆ ಯಕೃತ್ತು ಗಟ್ಟಿಯಾಗಿ, ಗಂಟುಗಂಟಾಗಿ ಕೈಗೆ ಸಿಕ್ಕಿತು. ಎದೆಯ ಮೇಲಿನ ಸೆರಗು ಸರಿಸಲು ಹೇಳಿದರೆ ಎರಡೂ ಕೈಯಿಂದ ಬಿಗಿಹಿಡಿದಳು. ಬೇರೆಲ್ಲಾದರೂ ಗಂಟಿದೆಯೇ, ಎದೆಯಲ್ಲಿ, ಕಂಕುಳಲ್ಲಿ, ಎಂದು ನನ್ನಿಂದ ಕೇಳಿಸಿದರು. ಇಲ್ಲವೆಂದು ಹೇಳು ಅಂದಳು. ನಾನು ಹೇಳಿದೆ. ಡಾಕ್ಟರ್ ಬಾಯಿ ಬಲವಂತ ಮಾಡಲಿಲ್ಲ. ಹೊರಗೆ ಕರೆದು, ಯಕೃತ್ತಿನ ಕ್ಯಾನ್ಸರ್, ಇನ್ನು ಕೆಲವು ತಿಂಗಳು, ನೋವು ಕಡಿಮೆ ಮಾಡುವುದೊಂದೇ ನಮ್ಮ ಕೈಯಲ್ಲಿರುವುದು ಎಂದರು. ರಿಜಿಸ್ಟರಿನ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ. ಆಮೇಲೆ ಅವಳ ಪೇಪರಿನ ಮೂಲೆಯಲ್ಲಿ ಪೆನ್ಸಿಲಿನಿಂದ ನಲವತ್ತಾರು ಬರೆದೆ.

ತನ್ನ ಮಡಿಬಟ್ಟೆಯನ್ನು ಅತ್ಯಾ ಯಾರಿಗೂ ಒಗೆಯಲು ಕೊಟ್ಟವಳಲ್ಲ. ಆ ಗುರುವಾರ ಬೆಳಿಗ್ಗೆ ಅವಳಿಗೆ ಹಿಂಡುವ ಶಕ್ತಿಯಿರಲಿಲ್ಲ. ಬಟ್ಟೆಯ ಗಂಟನ್ನು ನಾನೇ ಮನೆಗೆ ಒಯ್ದೆ. ನಲ್ಲಿಯ ಕೆಳಗೆ ಬಿಚ್ಚಿದಾಗ ಸೀರೆಯೊಳಗೆ ಹಳೆಯ ಧೋತರದ ಅಗಲ ಪಟ್ಟಿಗಳು ಸಿಕ್ಕವು, ಎದೆಗೆ ಸುತ್ತಿಕೊಳ್ಳುವಷ್ಟು ಉದ್ದದವು. ಒಂದೇ ಜಾಗದಲ್ಲಿ ಕೀವು, ರಕ್ತದ ಕಲೆ. ಎಷ್ಟು ಸಲ ಒಗೆದರೂ ಹೋಗದ ಹಳೆಯ ಕಲೆಗಳೂ ಅದರ ಕೆಳಗಿದ್ದವು.

ಮಧ್ಯಾಹ್ನ ಹೋಗಿ ಅವಳ ಮಂಚದ ಸುತ್ತ ಪರದೆ ಎಳೆದು, ಎಷ್ಟು ದಿನವಾಯಿತು ಎಂದು ಕೇಳಿದೆ. ಅವಳು ಸೆರಗು ಸರಿಮಾಡಿಕೊಂಡಳು.

“ನದಿ ಮೂಲ, ಋಷಿ ಮೂಲ ಕೇಳಬಾರ್ದು ಅಂತಾರ. ನೀ ಬ್ಯಾನಿ ಮೂಲ ಕೇಳ್ಲಿಕ್ಕೆ ಬಂದಿ,” ಅಂದಳು. “ಹೊಟ್ಟಿದು ಅಂತ ಬರದೀಯಲ್ಲ, ಅದ ಇರ್ಲಿ. ನಿನ್ನ ಅಪ್ಪಗ ಗೊತ್ತಾಗೂದು ಬ್ಯಾಡ.”

ಕೇಸ್ ಪೇಪರಿನ ನಕಲು ಅಪ್ಪನ ಕೈಗೆ ಹೋಗುವುದು ಅವಳಿಗೆ ಗೊತ್ತಿತ್ತು. ಅವಳು ಜೀವನದಲ್ಲಿ ನನ್ನನ್ನು ಏನಾದರೂ ಬೇಡಿದ್ದು ಅದೊಂದೇ ಸಲ. ಶುಕ್ರವಾರ ಡಾಕ್ಟರ್ ಬಾಯಿ, ಎದೆಯಲ್ಲಿ ಏನೂ ಇಲ್ಲವೆಂದು ನಿನಗೆ ಖಾತ್ರಿಯೇ ಎಂದು ಮತ್ತೆ ಕೇಳಿದರು. ಖಾತ್ರಿ, ಏನೂ ಇಲ್ಲ ಅಂದೆ. ಹಾಗಾದರೆ ನಾಳೆ ಶಾಯಿ ಹಾಕು ಎಂದರು.

ಶನಿವಾರ ಬೆಳಿಗ್ಗೆ ಡಾಕ್ಟರ್ ಬಾಯಿ ನೋಡಿಕೊಟ್ಟ ಪೇಪರುಗಳನ್ನು ಮುಂದಿಟ್ಟುಕೊಂಡು ಕೂತೆ. ಉಳಿದವಕ್ಕೆಲ್ಲ ಶಾಯಿ ಹಾಕಿದೆ. ಅವಳದಕ್ಕೆ ಕೈ ಏಳಲಿಲ್ಲ. ಹಳೆಯ ರಿಜಿಸ್ಟರುಗಳನ್ನು ತೆಗೆದು ಐವತ್ತರ ಪುಟಗಳನ್ನು ತಿರುವಿದೆ. ಜಾತಿ, ವಿಧವೆ ಎಂಬ ಕಾಲಮ್ಮುಗಳನ್ನು ನೋಡಿದರೆ ಅತ್ಯಾನಂಥ ಕೆಂಪು ಸೀರೆಯ ವಿಧವೆಯರು ಒಬ್ಬರೂ ಅದರಲ್ಲಿ ಇರಲಿಲ್ಲ. ಅವರಿಗೆ ಈ ರೋಗ ಬರುವುದೇ ಇಲ್ಲವೆಂದು ನನ್ನದೇ ಅಂಕಿಗಳು ಹೇಳುತ್ತಿದ್ದವು. ಸಿಟ್ಟು ನೆತ್ತಿಗೇರಿತು, ಯಾರ ಮೇಲೆಂದು ತಿಳಿಯಲಿಲ್ಲ. ಪೇಪರು ಹಿಡಿದು ವಾರ್ಡಿಗೆ ನಡೆದೆ.

ಅತ್ಯಾ ಆಗಷ್ಟೇ ಸ್ನಾನ ಮಾಡಿಕೊಂಡು ಗೋಡೆಗೊರಗಿ ಕೂತಿದ್ದಳು. ಇನ್ನೂ ಉಂಡಿರಲಿಲ್ಲ. ನಾನು ಮೂರು ಮಾರು ದೂರ ನಿಂತು, ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಹೇಳಿದೆ. ಈ ಅಂಕಿ ನಿನ್ನ ಒಬ್ಬಳದಲ್ಲ ಅಂದೆ. ನಿನ್ನ ಹಾಗೆ ಬಚ್ಚಿಟ್ಟುಕೊಂಡವರು ಇನ್ನೆಷ್ಟು ಜನರೋ, ಪುಸ್ತಕದಲ್ಲಿ ಯಾರೂ ಇಲ್ಲ, ಹೀಗಾದರೆ ಅವರನ್ನು ಯಾರು ಕೇಳಬೇಕು ಅಂದೆ. ಕೊನೆಗೆ ಅಳು ಬಂತು. ನಿನ್ನನ್ನು ಕಳೆದುಕೊಳ್ಳುತ್ತಿದ್ದೇನೆ, ಅದರ ಮೇಲೆ ನಿನ್ನ ಬಗ್ಗೆ ಸುಳ್ಳನ್ನೂ ಬರೆಸುತ್ತೀಯಲ್ಲ ಅಂದುಬಿಟ್ಟೆ.

“ನೀ ಮ್ಯಾಟ್ರಿಕ್ಕಿಗೆ ಕೂತಿದ್ದೆಲ್ಲ, ಆ ವರ್ಷ ದೀಪಾವಳಿ ಮುಂದ ಕೈಗೆ ಹತ್ತಿತು. ಕಡ್ಲಿ ಕಾಳಿನಷ್ಟ,” ಅಂದಳು.

ಮೂರು ವರ್ಷ! ನಾನು ಬಾಯಿ ತೆರೆಯುವ ಮೊದಲೇ ಅವಳು ಮುಂದುವರಿಸಿದಳು.

“ಹೇಳಿದ್ರ ನಿನ್ನ ಅಪ್ಪ ನನ್ನ ಮಲಗಿಸ್ತಿದ್ದ. ಒಲಿ ಮುಂದ ಯಾರು ಕೂಡೋರು? ನೀನ. ಪರೀಕ್ಷಾ ಮುಗೀಲಿ ಅಂದೆ. ಆಮ್ಯಾಲ ನೌಕರಿ ಹತ್ತಿತು, ಅದು ಕಾಯಂ ಆಗ್ಲಿ ಅಂದೆ. ಇದ ನಿನಗ ತಿಳೀಬಾರ್ದು ಅಂತ ಮೂಲ ಕೇಳಬ್ಯಾಡ ಅಂದಿದ್ದೆ, ಕೂಸ.”

ನನ್ನ ಪುಸ್ತಕ, ನನ್ನ ಪಾಸು, ನಾನು ಜಂಭದಿಂದ ಬರೆದ ಮುತ್ತಿನಂಥ ಅಂಕಿಗಳು, ಎಲ್ಲದರ ಹಿಂದೆ ಅವಳು ಆ ಧೋತರದ ಪಟ್ಟಿಯನ್ನು ಬಿಗಿದು ಸುತ್ತಿಕೊಂಡು ರೊಟ್ಟಿ ಬಡಿಯುತ್ತಿದ್ದಳು. ಆಗ ಅತ್ಯಾ ಕೈ ಚಾಚಿದಳು. ಬಾ ಅಂದಳು. ಮಡಿ, ಅಂದೆ. ಬಾ, ಅಂದಳು ಮತ್ತೆ. ಹತ್ತಿರ ಹೋದೆ. ನನ್ನ ಕೈಯನ್ನು ಹಿಡಿದು, ಸೆರಗಿನ ಕೆಳಗೆ, ಎಡ ಎದೆಯ ಮೇಲೆ ಇಟ್ಟುಕೊಂಡಳು. ಕಲ್ಲಿನಷ್ಟು ಗಟ್ಟಿಯಿತ್ತು, ಸುತ್ತಲಿನ ಚರ್ಮ ಸುಡುತ್ತಿತ್ತು. ಕೈ ತೆಗೆಯಲು ಅವಳು ಬಿಡಲಿಲ್ಲ.

“ಬರೀಲಿ ಅಂತನ ಸಾಲಿ ಕಲಿಸಿದ್ದು. ಇನ್ನ ಖರೇ ಬರಿ,” ಅಂದಳು.

ಡಾಕ್ಟರ್ ಬಾಯಿಯ ಮುಂದೆ ಹೋಗಿ, ಸುಳ್ಳು ಹೇಳಿದ್ದೆನೆಂದು ಒಪ್ಪಿಕೊಂಡೆ. ಅವರು ಬೈಯಲಿಲ್ಲ, ತಾವೇ ಹೋಗಿ ಪರದೆಯ ಹಿಂದೆ ನೋಡಿ ಬಂದು, ಪೇಪರಿನಲ್ಲಿ ರೋಗದ ಹೆಸರು ತಿದ್ದಿದರು. ನಾನು ನಲವತ್ತಾರನ್ನು ಒರೆಸಿ ಐವತ್ತು ಬರೆದೆ, ನೇರ ಶಾಯಿಯಲ್ಲೇ. ಎಷ್ಟು ದಿನಗಳಿಂದ ಎಂಬ ಕಡೆ ಮೂರು ವರ್ಷ ಎಂದು ಬರೆದೆ. ರಿಜಿಸ್ಟರಿಗೆ ಇಳಿಸುವಾಗ ಐವತ್ತು ಸೊಟ್ಟಗಾಯಿತು. ಆ ರಿಜಿಸ್ಟರಿನಲ್ಲಿ ನನ್ನ ಸೊಟ್ಟ ಅಂಕಿ ಅದೊಂದೇ.

ಮೊಸರವಲಕ್ಕಿಯ ಡಬ್ಬಿ ತೆಗೆದುಕೊಂಡು ವಾರ್ಡಿಗೆ ಮರಳಿದಾಗ ಹೊತ್ತು ಮೀರಿತ್ತು. ಒಬ್ಬರನ್ನೊಬ್ಬರು ಮುಟ್ಟಿದ್ದೆವಲ್ಲ, ಮತ್ತೆ ಸ್ನಾನಕ್ಕೆ ನೀರು ತರಲೇ ಎಂದು ಕೇಳಿದೆ. ಬೇಡ, ಹಸಿವಾಗಿದೆ ಅಂದಳು. ಡಬ್ಬಿಯನ್ನು ದೂರದಲ್ಲಿಟ್ಟು ಸರಿದು ನಿಂತೆ. ನನ್ನ ಕೈಯಲ್ಲಿ ಶಕ್ತಿಯಿಲ್ಲ, ನೀನೇ ಕಲಸಿ ತಿನ್ನಿಸು ಅಂದಳು. ಬೆರಳಿಗೆಲ್ಲ ಶಾಯಿ ಹತ್ತಿತ್ತು. ತೊಳೆದುಕೊಂಡು ಬರುತ್ತೇನೆ ಅಂದರೆ ಇರಲಿ ಬಿಡು ಅಂದು, ಬಾಯಿ ತೆರೆದಳು.