ದೇವದೂತನ ರೆಕ್ಕೆಗೆ ಬಳಿದ ಕಪ್ಪು

2022ರಲ್ಲಿ ನಾನು ಅಮೆರಿಕದ ಗೈದರ್ಸ್‌ಬರ್ಗಿನ ಖಾಸಗಿ ಲ್ಯಾಬೊಂದರಲ್ಲಿ ಪೇಪರ್ ಕನ್ಸರ್ವೇಟರ್ ಆಗಿದ್ದೆ. ಕಾಗದದ ಮೇಲಿನ ಹಳೆಯ ಚಿತ್ರಗಳು ಇನ್ನಷ್ಟು ಹಾಳಾಗದಂತೆ ಕಾಪಾಡುವ ಕೆಲಸ ಅದು. ಲ್ಯಾಬಿನ ಒಡತಿ ವಸುಧಾ ಮೇಡಂ ಮೈಸೂರಿನವರು. ನನಗೆ ಬ್ರಷ್ ಹಿಡಿಯುವುದನ್ನು ಕಲಿಸಿದವರು. ಬೆಂಗಳೂರಿನಲ್ಲಿ ನನ್ನ ಅಮ್ಮ ತೀರಿಕೊಂಡಾಗ ನನ್ನನ್ನು ತಮ್ಮ ಮನೆಯಲ್ಲೇ ಇಟ್ಟುಕೊಂಡು ನೋಡಿಕೊಂಡವರು.

ಆ ವರ್ಷ ಅವರು ರಿನೈಸಾನ್ಸ್ ಕಾಲದ ಒಂದು ವುಡ್‌ಕಟ್ ಕೊಂಡು ತಂದರು. ಮರದ ಹಲಗೆಯಲ್ಲಿ ಕೆತ್ತಿ, ಮಸಿ ಹಚ್ಚಿ, ಕಾಗದಕ್ಕೆ ಒತ್ತಿದ ಪ್ರಿಂಟ್. ಬಂಡೆಗಳ ನಡುವೆ ಮಂಡಿಯೂರಿದ ಸನ್ಯಾಸಿಗೆ ಮೋಡ ಸೀಳಿಕೊಂಡು ದೇವದೂತರ ದರ್ಶನವಾಗುತ್ತಿದೆ. ಬಲಮೂಲೆ ಅಂಗೈಯಗಲ ಹರಿದುಹೋಗಿ, ಒಬ್ಬ ದೇವದೂತನೇ ಇರಲಿಲ್ಲ.

"ಮಾರೋಕಲ್ಲ ನಸ್ರೀನ್, ಸ್ಟೂಡೆಂಟ್ಸ್‌ಗೆ ತೋರಿಸೋಕೆ," ಎಂದರು ಮೇಡಂ.

ಅದೇ ಹಲಗೆಯ ಇನ್ನೊಂದು ಪ್ರಿಂಟಿನ ಫೋಟೋ ನೋಡಿಕೊಂಡು, ಹೊಸ ಕಾಗದ ಸೇರಿಸಿ, ಆ ದೇವದೂತನನ್ನು ಬರೆದೆ. ಗೆರೆಗಳನ್ನು ಬೇಕೆಂದೇ ತುಸು ತಿಳಿಯಾಗಿ ಬಿಟ್ಟೆ. ಹತ್ತಿರದಿಂದ ನೋಡಿದವರಿಗೆ ಹಳೆಯದು ಯಾವುದು, ಹೊಸದು ಯಾವುದು ಎಂದು ತಿಳಿಯಬೇಕು. ನಮ್ಮ ವೃತ್ತಿಯ ಮೊದಲ ನಿಯಮವೇ ಅದು.

ಮರುವರ್ಷ ಬೇರೊಂದು ಕೆಲಸಕ್ಕೆ ಹೋಗಿದ್ದಾಗ ಅಟ್ಲಾಂಟಾದ ಗ್ಯಾಲರಿಯೊಂದರ ಗೋಡೆಯ ಮೇಲೆ ಅದೇ ಚಿತ್ರ ಕಂಡಿತು. ನನ್ನ ತಿಳಿ ಗೆರೆಗಳ ಮೇಲೆ ಯಾರೋ ದಟ್ಟ ಕಪ್ಪು ಬಳಿದಿದ್ದರು. ಪಕ್ಕದಲ್ಲಿ 'ಸಂಪೂರ್ಣ ಮೂಲಪ್ರತಿ' ಎಂಬ ಚೀಟಿ. ಷಾರ್ಲೆಟ್ ಊರಿನ ವೃದ್ಧ ದಂಪತಿ, ತೀರಿಕೊಂಡ ಮಗಳ ನೆನಪಿಗೆ ತಮ್ಮ ಚರ್ಚಿಗೆ ಕೊಡಲು, ಅದನ್ನು ಕೊಳ್ಳುವವರಿದ್ದಾರೆಂದು ಗ್ಯಾಲರಿಯವರು ಹೇಳಿದರು.

ಹೊರಗೆ ಬಂದು ಮೇಡಂಗೆ ಫೋನ್ ಮಾಡಿದೆ.

"ನಿನ್ನ ಕೈ ಅಷ್ಟು ಚೆನ್ನಾಗಿದೆ ಕಣೇ, ಯಾರಿಗೂ ಗೊತ್ತಾಗಲ್ಲ. ಸುಮ್ನಿರು," ಎಂದರು.

ಸುಮ್ಮನಿರಲಾಗಲಿಲ್ಲ. ಗ್ಯಾಲರಿಯ ಮಾಲೀಕನಿಗೆ ಇದ್ದದ್ದನ್ನು ಹೇಳಿದೆ. ಅವನು ನನ್ನೆದುರೇ ಸ್ಪೀಕರ್ ಹಾಕಿ ಮೇಡಂಗೆ ಫೋನ್ ಮಾಡಿದ. ನಾನು ಅಲ್ಲಿದ್ದೇನೆಂದು ಅವರಿಗೆ ತಿಳಿಯದು.

"ಅದೆಲ್ಲ ನಸ್ರೀನ್ ಕೆಲಸ. ನನಗೆ ಹೇಳದೆ ಕಪ್ಪು ಬಳಿದಿದ್ದಾಳೆ," ಎಂದರು ಇಂಗ್ಲಿಷಿನಲ್ಲಿ, ಶಾಂತವಾಗಿ.

ಆದರೆ ಮಾಲೀಕ ಕೇಳಿದ: "ಮೂಲೆ ಹರಿದದ್ದು ನಿಮಗೆ ಗೊತ್ತಿತ್ತು. ಆದರೂ ಮಾರುವಾಗ ಇದಕ್ಕೆ ಯಾರೂ ಕೈಯೇ ಹಾಕಿಲ್ಲ ಎಂದಿದ್ದಿರಲ್ಲ?"

ಆ ಕಡೆಯಿಂದ ಫೋನ್ ಕಟ್ಟಾಯಿತು.

ದಂಪತಿಗೆ ನಾನೇ ಆ ಮೂಲೆಯನ್ನು ತೋರಿಸಿದೆ. ಅವರು ಚಿತ್ರ ಕೊಳ್ಳಲಿಲ್ಲ. ನಾನು ಲ್ಯಾಬ್ ಬಿಟ್ಟೆ. ಈಗ ಯಾವ ಚಿತ್ರವನ್ನೂ ಅದರ ಒಡೆಯರನ್ನು ಕೂರಿಸಿಕೊಂಡು, ಎಲ್ಲೆಲ್ಲಿ ಕೈಯಾಡಿಸಿದ್ದೇನೆಂದು ಬೆರಳಿಟ್ಟು ತೋರಿಸದೆ ಹಿಂತಿರುಗಿಸುವುದಿಲ್ಲ. ಕೆಲಸ ನನ್ನ ಕೈದಾಟಿದ ಮೇಲೂ ಅದರ ಸತ್ಯಕ್ಕೆ ನಾನೇ ಹೊಣೆ ಎಂದು ಕಲಿತದ್ದು ಆಗ.

ಕಳೆದ ವರ್ಷ ಮೇಡಂ ಫೋನ್ ಮಾಡಿದ್ದರು. "ಒಂದಿನ ಊಟಕ್ಕೆ ಬಾರೇ," ಎಂದರು, ಏನೂ ಆಗಿಲ್ಲವೆಂಬಂತೆ. ಆ ದನಿಗೆ ಕಣ್ಣು ತುಂಬಿ ಬಂತು. ಹೋಗಲಿಲ್ಲ.