ಬಾಣದ ಬಲಗಡೆ

ರಸಾಯನಶಾಸ್ತ್ರದ ಟ್ಯೂಷನ್ನಿನಲ್ಲಿ ಪಾಠ ಶುರುಮಾಡುವ ಮೊದಲು ಚೌಡಪ್ಪ ಮೇಷ್ಟ್ರು ನಮ್ಮೆಲ್ಲರ ಎಡಗಾಲಿನ ಚಪ್ಪಲಿ ಬಿಡಿಸಿ ತಮ್ಮ ಕುರ್ಚಿಯ ಕೆಳಗೆ ಸೇರಿಸಿಕೊಳ್ಳುತ್ತಿದ್ದರು. ಆ ದಿನದ ಸಮೀಕರಣ ಸರಿತೂಗಿದರೆ ಚಪ್ಪಲಿ ವಾಪಸು. ಇಲ್ಲದಿದ್ದರೆ ಆಂಡರ್ಸನ್‌ಪೇಟೆಯಿಂದ ಊರಿಗಾಂವರೆಗೆ ಒಂದೇ ಚಪ್ಪಲಿಯಲ್ಲಿ ನಡೆಯಬೇಕು. ಹತ್ತು ಸಲ ನಡೆದೆ ಎಂದು ಹೇಳಿಕೊಂಡು ಬಂದಿದ್ದೇನೆ, ಮೂರೇ ಇರಬಹುದು. ಸಿಟ್ಟು ಮಾತ್ರ ಹತ್ತು ಸಲದ್ದೇ ಇದೆ.

ನನಗಾಗ ಇಪ್ಪತ್ತಾರು ವರ್ಷ. ರಾಬರ್ಟ್‌ಸನ್‌ಪೇಟೆಯ ಶಾಲೆಯೊಂದರ ಪ್ರಯೋಗಾಲಯದಲ್ಲಿ ಬಾಟಲಿ ತೊಳೆಯುವ ಹಂಗಾಮಿ ಕೆಲಸ. ಪಿಯುಸಿ ರಸಾಯನಶಾಸ್ತ್ರ ಪಾಸಾದರೆ ಕೆಲಸ ಕಾಯಂ, ಇಲ್ಲದಿದ್ದರೆ ಮನೆಗೆ. ಎರಡು ಸಲ ಫೇಲಾಗಿದ್ದೆ. ಇದು ಕೊನೆಯ ಅವಕಾಶ.

ಮೇಷ್ಟ್ರು ಬಂಗಾರಪೇಟೆ ಪಕ್ಕದ ಹಳ್ಳಿಯವರು. ಎಮ್ಮೆ ಕರೆದು, ಡೈರಿಗೆ ಹಾಲು ಹಾಕಿ, ರೈಲು ಹತ್ತಿ ಬರುತ್ತಿದ್ದರು. ಉತ್ತರ ಹೇಳುವ ಅಭ್ಯಾಸವೇ ಇಲ್ಲ. "ಏನು ಉತ್ಪತ್ತಿಯಾಗುತ್ತೆ ಸಾರ್?" ಎಂದು ಕೇಳಿದರೆ ಒಂದೇ ರಾಗ:

"ನಂಗೇನ್ ಗೊತ್ತು? ಒಳಿಕ್ಕೆ ಯಾರ್ಯಾರು ನುಗ್ಗಿದ್ರು ನೋಡು. ಅವ್ರೇ ಜೊತೆ ಬದಲಾಯಿಸ್ಕೊಂಡು ಆಚಿಗ್ ಬತ್ತಾರೆ. ಒಸಬ್ರು ಉಟ್ಟಲ್ಲ, ಅಳಬ್ರು ಸಾಯಲ್ಲ."

ಒಮ್ಮೆ ಜಲಜನಕ, ಆಮ್ಲಜನಕ ಸೇರಿಸಿ ನೀರು ಬರೆದೆ. ಎಡಗಡೆ ಎರಡು ಆಮ್ಲಜನಕ, ಬಲಗಡೆ ಒಂದೇ. ಸದ್ದಿಲ್ಲದೆ H₂O ಕಾಲಬುಡಕ್ಕೆ ಸಣ್ಣದೊಂದು ಎರಡು ಅಂಟಿಸಿ H₂O₂ ಮಾಡಿಟ್ಟೆ.

"ಏನಮ್ಮಣ್ಣೀ ಇದು?"

"ನೀರು ಸಾರ್."

"ಕುಡೀತೀಯಾ? ಗಾಯ ತೊಳ್ಯೋ ಔಸ್ದಿ ಕಣಮ್ಮ ಇದು! ಕಾಲು ಕಮ್ಮಿ ಆಯ್ತು ಅಂತ ಎಮ್ಮೆಗೆ ಐದನೇ ಕಾಲು ಅಂಟಿಸ್ತಾರಾ? ಇನ್ನೊಂದ್ ಎಮ್ಮೆ ತತ್ತಾರೆ! ಮುಂದ್ಗಡೆ ದೊಡ್ಡದಾಗಿ ಎರಡು ಬರಿ. ಕಾಲ್ತಾವ ಕೈ ಇಕ್ಬೇಡ."

ಈಗ ಇದನ್ನೆಲ್ಲ ಬರೆಯುವಾಗ ಅವರನ್ನು ತಮಾಷೆಯ ಮನುಷ್ಯನನ್ನಾಗಿ ಮಾಡುವ ಆಸೆ ನನ್ನ ಕೈಗೆ. ಆಗ ನಗು ಬಂದಿರಲಿಲ್ಲ, ಅಳು ಬಂದಿತ್ತು.

ಚಿನ್ನ ಸೈನೈಡ್‌ನಲ್ಲಿ ಕರಗುವ ಪ್ರಶ್ನೆ ಕೊಟ್ಟಾಗ ನಮಗೆಲ್ಲ ಉಡಾಫೆ. ಚಿನ್ನದ ಗಣಿ ಸುರಿದ ಸೈನೈಡ್ ಮಣ್ಣಿನ ದಿಬ್ಬದ ನೆರಳಲ್ಲೇ ಬೆಳೆದವರು ನಾವು! ಚಿನ್ನ, ಸೈನೈಡ್, ನೀರು ಎಂದು ಬರೆದು ಬಿಸಾಡಿದೆವು. ಬಾಣದ ಬಲಗಡೆ ಏನು ಮಾಡಿದರೂ ಜಲಜನಕ ಮಿಕ್ಕುತ್ತಿತ್ತು. ಮೂರು ದಿನ ಮೇಷ್ಟ್ರು ಬಾಯಿ ಬಿಡಲಿಲ್ಲ. ಮನೆಯಲ್ಲಿ ಪುಸ್ತಕ ಎಸೆದೆ. ಗಣಿಯ ಸೈನೈಡ್ ತೊಟ್ಟಿಗಳ ಹತ್ತಿರ ದುಡಿಯುತ್ತಿದ್ದ ಅಪ್ಪ ಎತ್ತಿಕೊಟ್ಟು ಕೇಳಿದರು: "ತೊಟ್ಟಿಗೆ ಗಾಳಿ ಊದ್ತೀವಲ್ಲ, ಅದುನ್ನ ಆಕಿದ್ಯಾ?"

ಗಾಳಿ! ಆಮ್ಲಜನಕ ಹಾಕಿದೆ. ಕೂತಿತು.

"ಅಪ್ಪನ್ನ ಕೇಳಾಕೆ ಮೂರು ದಿನಾನಾ?" ಎಂದರು ಮೇಷ್ಟ್ರು. "ತೊಟ್ಟಿ ಕಾಯೋರಿಗೆಲ್ಲಾ ಗೊತ್ತು, ಓದೋರಿಗೆ ಗೊತ್ತಿಲ್ಲ. ಕರ್ಮ!"

ಪರೀಕ್ಷೆಯಲ್ಲಿ ತಾಮ್ರಕ್ಕೆ ನೀರು ಬೆರೆಸಿದ ಹೈಡ್ರೋಕ್ಲೋರಿಕ್ ಆಮ್ಲ ಹಾಕಿದರೆ ಬರುವ ಉತ್ಪನ್ನ ಬರೆಯಿರಿ ಎಂದು ಕೇಳಿದ್ದರು. ತಾಮ್ರದ ಕ್ಲೋರೈಡು, ಜಲಜನಕ ಎಂದು ಬರೆದೆ. ಸೂತ್ರ ಸರಿ, ತೂಕ ಸರಿ. ಆದರೆ ಶಾಲೆಯಲ್ಲಿ ಅದೇ ಆಮ್ಲದಲ್ಲಿ ತಾಮ್ರದ ಚೂರುಗಳನ್ನು ಎಷ್ಟೋ ಸಲ ತೊಳೆದಿದ್ದೆ. ಒಂದು ಗುಳ್ಳೆಯೂ ಎದ್ದದ್ದು ಕಂಡಿರಲಿಲ್ಲ. ಮೇಷ್ಟ್ರು ಇಂಥದ್ದನ್ನು ಒಂದು ದಿನವೂ ಹೇಳಿಕೊಟ್ಟಿರಲಿಲ್ಲ. ಸುತ್ತ ಎಲ್ಲರ ಪೆನ್ನೂ ಓಡುತ್ತಿತ್ತು. ಕಾಯಂ ಕೆಲಸವನ್ನೇ ಹೊಡೆದುಹಾಕುವವಳಂತೆ ಅಷ್ಟನ್ನೂ ಹೊಡೆದುಹಾಕಿ ಬರೆದೆ: ಕ್ರಿಯೆ ನಡೆಯುವುದಿಲ್ಲ.

ಸಂಜೆ ಊರಿಗಾಂ ಸ್ಟೇಷನ್ನಿನಲ್ಲಿ ಅವರನ್ನು ಹಿಡಿದೆ. "ತಾಮ್ರಕ್ಕೆ ಆಮ್ಲ ಹಾಕೋ ಪ್ರಶ್ನೆಗೆ ಬರೆದದ್ದನ್ನೆಲ್ಲ ಹೊಡೆದುಹಾಕಿದೆ. ಏನೂ ಆಗದೆ ಇರಬಹುದು ಅಂತ ಯಾಕೆ ಸಾರ್ ಕಲಿಸಲಿಲ್ಲ?"

"ದಿನಾ ತಾಮ್ರ ತೊಳ್ಯೋಳು ನೀನು, ನಾನೇನಮ್ಮ ಕಲಿಸೋದು? ಒಡೆದಾಕಾಕೆ ಎಷ್ಟೊತ್ತು ತಕಂಡೆ?"

"ಅರ್ಧ ಗಂಟೆ."

"ಅರ್ಧ ಗಂಟೇನಾ!" ಎಂದು ತಲೆ ಚಚ್ಚಿಕೊಂಡು ರೈಲು ಹತ್ತಿದರು. ಸರಿ, ತಪ್ಪು, ಒಂದೂ ಹೇಳಲಿಲ್ಲ.

ಫಲಿತಾಂಶ ಬಂದ ದಿನ ಅವರ ಹಳ್ಳಿಗೆ ಹೋದೆ. ಸೊಸೆ ಎಮ್ಮೆಗೆ ಹುಲ್ಲು ಹಾಕುತ್ತಿದ್ದಳು. ಮಾವ ತೀರಿಕೊಂಡು ಒಂಬತ್ತು ದಿನ ಎಂದಳು. ನನ್ನನ್ನು ಮೇಲೆ ಕೆಳಗೆ ನೋಡಿದಳು.

"ಪರೀಕ್ಷೇಲಿ ತಾಮ್ರದ್ದು ಒಡೆದಾಕಿದ್ದು ನೀವೇನಾ? ಪಾಸಾ?"

"ಪಾಸು."

"ಡೈರಿತಾವೆಲ್ಲಾ ಅದುನ್ನೇ ಏಳಿ ಏಳಿ, ಆಲಾಕೋರ ಕಿವಿ ತೂತು ಮಾಡ್ಬುಟ್ರು ನಮ್ಮಾವ."

ನಾನು ಹೊಡೆದುಹಾಕಿದ್ದೇ ಸರಿ ಎಂದು ಹಾಲು ಹಾಕುವವರಿಗೆಲ್ಲ ಹೇಳಿದ್ದರಂತೆ. ಸ್ಟೇಷನ್ನಿನಲ್ಲಿ ಎದುರಿಗೇ ನಿಂತಿದ್ದೆನಲ್ಲ, ನನಗೆ ಹೇಳಲು ಏನಾಗಿತ್ತು ಆ ಮನುಷ್ಯನಿಗೆ?